ಮುತ್ತಿಯ ಕೊಳವೆ

ಬಹಳ ಕಾಲದ ಹಿಂದೆ, ಈಗಿನ ಯಾವ ದಾರಿಯೂ ಹೋಗಿ ಮುಟ್ಟದ ಕಡೆ, ಕೆಂಗಲ್ಲು ಎಂಬ ಒಂದು ರಾಜ್ಯವಿತ್ತು. ಹೆಸರಿಗೆ ತಕ್ಕಂತೆ ಎಲ್ಲಿ ನೋಡಿದರೂ ಕೆಂಪು ಬಂಡೆ. ಬಾವಿ ತೋಡಲು ಹೋದರೆ ಗುದ್ದಲಿ ಮುರಿಯುತ್ತಿತ್ತೇ ಹೊರತು ನೀರು ಬರುತ್ತಿರಲಿಲ್ಲ. ಆದರೆ ಗುಡ್ಡದ ನೆತ್ತಿಯ ಮೇಲೆ ಎಂದೂ ಬತ್ತದ ಒಂದು ಹೊಂಡವಿತ್ತು. ಅಲ್ಲಿಂದ ಮಣ್ಣಿನ ಕೊಳವೆಗಳು ನೆಲದೊಳಗೆ ಸಾಲಾಗಿ ಇಳಿದು ಅರಮನೆಗೆ, ಪೇಟೆಗೆ, ಕೊನೆಗೆ ಕುಂಬಾರ ಓಣಿಯ ಕಟ್ಟಕಡೆಯ ಮನೆಗೂ ನೀರು ತರುತ್ತಿದ್ದವು.

ಆ ಊರಿಗೊಂದು ಪದ್ಧತಿ. ಮಗು ಹುಟ್ಟಿದ ದಿನ ಕುಂಬಾರರು ಒಂದು ಮೊಳ ಉದ್ದದ ಕೊಳವೆ ಮಾಡುವರು. ಹಸಿಮಣ್ಣಿನ ಮೇಲೆ ಮಗುವಿನ ಹೆಸರು ಕೊರೆದು ಸುಡುವರು. ಮಗು ಮೊಲೆ ಬಿಟ್ಟು ನಳದ ನೀರು ಕುಡಿಯುವ ದಿನ ಆ ಕೊಳವೆಯನ್ನು ಸಾಲಿಗೆ ಸೇರಿಸುವರು. ಇದಕ್ಕೆ ‘ನೀರು ಕೂಡಿಸುವುದು’ ಎನ್ನುತ್ತಿದ್ದರು. ಹೀಗಾಗಿ ಕೆಂಗಲ್ಲಿನಲ್ಲಿ ಯಾರು ಒಂದು ತಂಬಿಗೆ ನೀರು ಕುಡಿದರೂ ಅದು ಅಜ್ಜ ಮುತ್ತಜ್ಜರ ಹೆಸರುಗಳೊಳಗಿಂದ ಹಾದು ಬಂದ ನೀರು. ಕೇಳಲು ಎಷ್ಟು ಚಂದ! ಆದರೆ ಮಣ್ಣಿಗೆ ಈ ಚಂದವೆಲ್ಲ ಗೊತ್ತಿಲ್ಲ. ಅದು ಹಳತಾಗುತ್ತದೆ, ಬಿರುಕು ಬಿಡುತ್ತದೆ, ಬೇರು ಹೊಕ್ಕರೆ ಒಡೆಯುತ್ತದೆ.

ಒಡೆದ ಕೊಳವೆಯನ್ನು ತೆಗೆದು ಹೊಸದು ಹಾಕಬೇಕು. ಇದು ಯಾರಿಗೆ ತಿಳಿಯದು? ಆದರೆ ಸತ್ತವರ ಹೆಸರನ್ನು ಕಿತ್ತು ಬಿಸಾಡುವ ಕೈ ಯಾರದು? ಅದಕ್ಕೇ ಎಲ್ಲರೂ ಸುಣ್ಣ, ಹತ್ತಿ, ಅಗಸೆ ಎಣ್ಣೆ ಕೂಡಿಸಿ ಕುಟ್ಟಿ ಬಿರುಕಿಗೆ ಮೆತ್ತುತ್ತಿದ್ದರು. ಮೆತ್ತಿದ್ದರ ಮೇಲೆ ಮತ್ತೆ ಮೆತ್ತುತ್ತಿದ್ದರು. ನೀರು ಸೋರುತ್ತಲೇ ಇತ್ತು.

ಕುಂಬಾರ ಓಣಿಯ ಕಟ್ಟಕಡೆಯ ಮನೆಯಲ್ಲಿ ಸಂಕವ್ವ ಎಂಬ ಕೊಳವೆಗಾರ್ತಿ ಇದ್ದಳು. ಕೊಳವೆ ಮಾಡುವುದು, ಹೂಳುವುದು, ಮೆತ್ತುವುದು ಅವಳಿಗೆ ಅಪ್ಪನಿಂದ ಬಂದ ಕಸುಬು. ಗಂಡ ಬೊಮ್ಮಯ್ಯ ಮಣ್ಣು ಹೊರುತ್ತಿದ್ದ. ಐದು ವರ್ಷದ ಮುತ್ತಿ ಮಗಳು, ಎದೆಹಾಲಿನ ಮಾದ ಮಗ. ಅಪ್ಪ ತೀರಿಕೊಂಡ ಮೇಲೆ ಪೇಟೆಯ ನಡುವೆ, ದನದ ಕೊಟ್ಟಿಗೆಯ ಗಟಾರದ ಪಕ್ಕ, ಅವನ ಹೆಸರಿನ ಕೊಳವೆಯೇ ಸೀಳಿತು. ಇದು ತೆಗೆಯಲೇಬೇಕಾದದ್ದು ಎಂದು ಸಂಕವ್ವನಿಗೆ ಮುಟ್ಟಿ ನೋಡಿದ ಕೂಡಲೇ ಗೊತ್ತಾಯಿತು. ಆದರೂ ತೆಗೆಯಲಿಲ್ಲ. ಒಂದಲ್ಲ, ಮೂರು ಸಲ ಮೆತ್ತಿದಳು. ಮಳೆಗಾಲ ಬಂತು, ಮೆತ್ತಿದ್ದು ಬಿಟ್ಟಿತು, ಗಟಾರದ ನೀರು ಕೊಳವೆಯೊಳಗೆ ಹೋಯಿತು. ಓಣಿಯ ಏಳು ಮನೆಗೆ ವಾಂತಿಭೇದಿ ಬಂತು. ಮುತ್ತಿ ಮೂರನೆಯ ದಿನ, “ಅವ್ವಾ, ನೀರಡಿಕಿ ಆಗೇತಿ,” ಎಂದಳು. ಸಂಕವ್ವ ಅದೇ ನಳದಿಂದ ನೀರು ಹಿಡಿದು ಕುಡಿಸಿದಳು. ಮಗು ಉಳಿಯಲಿಲ್ಲ.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳಲು ಯಾವ ಬಾಯಿ?

ಅದಾದ ಹದಿಮೂರನೆಯ ದಿನಕ್ಕೆ ಊರಿಗೆ ಮೇಣಸಿದ್ಧ ಎಂಬ ಮಾಂತ್ರಿಕ ಬಂದ. ಬೆಳ್ಳಗಿನ ತಲೆ, ಬಾಗಿದ ಬೆನ್ನು, ಕೈಯಲ್ಲಿ ನೀಲಿ ಮೇಣದ ಡಬ್ಬಿ. “ಮೂರು ಚಿಟಿಕೆ ಹಾಕ್ತೀನಿ. ಉಳಿದದ್ದು ತಾನೇ ಬೆಳೀತದ. ಇನ್ನು ಒಂದು ಕೊಳವಿನೂ ನೀವು ತಗಿಯೋದು ಬ್ಯಾಡ,” ಎಂದ. ಊರೆಲ್ಲ ನೋಡುತ್ತಿರುವಾಗಲೇ ಒಂದು ಚಿಟಿಕೆಯನ್ನು ಹೊಂಡದ ಬಾಯಲ್ಲಿದ್ದ ರಾಜಮಾತೆಯ ಕೊಳವೆಗೆ, ಒಂದನ್ನು ಪೇಟೆಯಲ್ಲಿದ್ದ ಸಂಕವ್ವನ ಅಪ್ಪನ ಕೊಳವೆಗೆ, ಕೊನೆಯದನ್ನು ಸಾಲಿನ ತುದಿಯಲ್ಲಿದ್ದ ಮುತ್ತಿಯ ಕೊಳವೆಗೆ ಹಚ್ಚಿದ. ಮೇಣ ಬೆಳೆಯಿತು. ಸೋರುವುದು ನಿಂತಿತು. ಮರುದಿನ ಬೆಳಿಗ್ಗೆ ನಳದ ಬಿರಡೆ ತೆಗೆದವರಿಗೆಲ್ಲ ನೀರಿನ ಜೊತೆ ಸತ್ತವರ ದನಿ ಕೇಳಿಸಿತು.

ಬೊಮ್ಮಯ್ಯ ಬಿರಡೆ ತೆಗೆದ. ನಳದೊಳಗಿಂದ ಮುತ್ತಿ, “ಅಪ್ಪಾ,” ಎಂದಳು. ಅವನು ಅಲ್ಲೇ ಕುಸಿದು ಕೂತ. ಕೂತವನು ಎರಡು ವರ್ಷ ಹೆಚ್ಚುಕಡಿಮೆ ಅಲ್ಲೇ ಇದ್ದ.

ಆ ಎರಡು ವರ್ಷದಲ್ಲಿ ಕೆಂಗಲ್ಲಿನ ಮಕ್ಕಳ ಉಗುರು ನೀಲಿಯಾದವು. ಮಕ್ಕಳು ಆಡುವುದು ಬಿಟ್ಟರು, ಆಮೇಲೆ ನಿಲ್ಲುವುದು ಬಿಟ್ಟರು, ಆಮೇಲೆ ಸತ್ತರು. ಸತ್ತರೂ ಮನೆಯವರು ಮೊದಲಿನ ಹಾಗೆ ಅಳುತ್ತಿರಲಿಲ್ಲ. ಬಿರಡೆ ತೆಗೆದರೆ ಸಾಕಲ್ಲ, ಮಗು ಮಾತಾಡುತ್ತದೆ! ಒಂದೊಂದು ಮಗು ಸತ್ತಾಗಲೂ ಮೇಣಸಿದ್ಧನ ತಲೆಯ ಬಿಳಿಕೂದಲು ಕಪ್ಪಾಗುತ್ತಿತ್ತು, ಬೆನ್ನು ನೆಟ್ಟಗಾಗುತ್ತಿತ್ತು. ಜನ ಅದನ್ನು ಅವನ ತಪಸ್ಸಿನ ಮಹಿಮೆ ಎಂದು ಕೈಮುಗಿದರು. ದುಃಖದಲ್ಲಿದ್ದವರ ಕಣ್ಣಿಗೆ ಏನು ಕಂಡೀತು, ಬಿಡಿ.

ಮಾದನ ಉಗುರೂ ನೀಲಿಯಾಯಿತು. ಎರಡನೆಯ ವರ್ಷದ ಬೇಸಿಗೆಗೆ ಮೊದಲು ಸಂಕವ್ವ ಮಗನನ್ನು ಕಟ್ಟಿಕೊಂಡು ಗುಡ್ಡದಾಚೆಯ ಕೆರೆಗೆ ಜೇಡಿಮಣ್ಣು ತರಲು ಹೋದಳು. ನಲವತ್ತು ದಿನ ಅಲ್ಲೇ ಗುಡಿಸಲು ಹಾಕಿ ಕೆರೆಯ ನೀರು ಕುಡಿದರು. ಮಾದ ಎದ್ದು ಓಡಾಡಿದ, ಉಗುರು ಕೆಂಪಾಯಿತು. ಕೆರೆ ಬತ್ತಿದ ಮೇಲೆ ಊರಿಗೆ ಬಂದರು. ಹತ್ತನೆಯ ದಿನಕ್ಕೆ ಉಗುರು ಮತ್ತೆ ನೀಲಿಯಾಯಿತು. ಸಂಕವ್ವನಿಗೆ ಅರ್ಥವಾಯಿತು. ಅರ್ಥವಾಗದೇ ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು.

ಮನೆಯ ಹಿಂದೆ ನೆಲ ಅಗೆದು ಒಂದು ಕೊಳವೆ ಬಿಚ್ಚಿ ನೋಡಿದಳು. ಮೇಣ ಒಳಗೆಲ್ಲ ಬೆಳೆದು ಬೆರಳು ಹಿಡಿಯುವಷ್ಟೇ ತೂತು ಉಳಿದಿತ್ತು. ಮೇಣದೊಳಗೆ ಹುಳುಗಳಿದ್ದವು. ಹುಳುಗಳಿಗೆ ಬಾಯಿ ಇತ್ತು. ಬಾಯಿಗೆ ಮನುಷ್ಯರ ದನಿ ಇತ್ತು.

“ನೋಡ್ರಿ, ಅದು ನಮ್ಮ ಮುತ್ತಿ ಅಲ್ಲ. ಹುಳ ಐತಿ. ಮಾದನ್ನ ತಿನ್ನಾಕತ್ತೇತಿ,” ಎಂದಳು ಗಂಡನಿಗೆ.

ಬೊಮ್ಮಯ್ಯ ನಳ ಬಿಟ್ಟು ಕದಲಲಿಲ್ಲ. “ಹುಳಾನೇ ಇರಲಿ ಸಂಕಿ. ನನ್ನ ಅಪ್ಪಾ ಅಂತೈತಿ,” ಎಂದ.

ಮೇಣದ ಬೇರು ಇರುವುದು ಚಿಟಿಕೆ ಹಚ್ಚಿದ ಆ ಮೂರು ಕೊಳವೆಗಳಲ್ಲೇ ಎಂದು ಸಂಕವ್ವ ಮೂರು ಹೊಸ ಕೊಳವೆ ಮಾಡಿ ಸುಟ್ಟಳು. ಯಾವುದರ ಮೇಲೂ ಹೆಸರು ಕೊರೆಯಲಿಲ್ಲ. ಬುಟ್ಟಿಯಲ್ಲಿ ಕೊಳವೆ, ಸುಣ್ಣ ಇಟ್ಟು, ಹೆಗಲಿಗೆ ಹಾರೆ ಹಾಕಿಕೊಂಡು ಹೊರಟಳು.

ಮೊದಲು ಹೊಂಡಕ್ಕೆ ಹೋದಳು. ಅಲ್ಲಿ ಮೇಣಸಿದ್ಧ ಕಾವಲಿಟ್ಟ ಮೊಸಳೆ ಇತ್ತು. ಅದರ ಹಲ್ಲು ಕಂಚಿನವು. “ಯಾರ ಹೆಸರಿನ ಕೊಳವಿ ತಂದಿ? ಹೆಸರು ಹೊತ್ತು ಬಂದವರನ್ನ ನುಂಗು ಅಂತ ನನಗ ಅಪ್ಪಣೆ ಆಗೇತಿ,” ಎಂದಿತು ಮೊಸಳೆ.

“ಇದರ ಮ್ಯಾಲ ಯಾರ ಹೆಸರೂ ಇಲ್ಲ.”

ಮೊಸಳೆ ಕೊಳವೆಯನ್ನು ಮೂಸಿತು, ಸುತ್ತ ತಿರುಗಿಸಿ ನೋಡಿತು. “ಹೆಸರಿಲ್ಲದ್ದಕ್ಕ ಏನು ಮಾಡಬೇಕು ಅಂತ ಆತ ಹೇಳಿಲ್ಲ,” ಎಂದು ಗೊಣಗಿ ನೀರಿನಲ್ಲಿ ಮುಳುಗಿತು.

ಸಂಕವ್ವ ಹಾರೆ ಎತ್ತಿದಳು. ಕೊಳವೆಯೊಳಗಿಂದ ರಾಜಮಾತೆಯ ದನಿ ಬಂತು: “ತಗೀಬ್ಯಾಡ. ನಾ ಇಲ್ಲೇ ಅದೀನಿ.” ಅವಳು ಒಡೆದಳು. ಹುಳುಗಳು ಬಿಸಿಲಿಗೆ ಬಿದ್ದು ಸತ್ತವು. ಆ ಜಾಗಕ್ಕೆ ಹೆಸರಿಲ್ಲದ ಕೊಳವೆ ಕೂಡಿಸಿದಳು. ಅರಮನೆಯ ನಳಗಳು ಮೂಕವಾದವು. ರಾಜ “ಅವ್ವಾ!” ಎಂದು ಎದೆ ಬಡಿದುಕೊಂಡ, ಆದರೆ ಸಂಕವ್ವನನ್ನು ಹಿಡಿಯಲು ಆಳು ಕಳಿಸಲಿಲ್ಲ. ಅವನ ತೊಡೆಯ ಮೇಲಿದ್ದ ಕೂಸಿನ ಉಗುರೂ ನೀಲಿಯಾಗಿತ್ತು.

ಎರಡನೆಯದಕ್ಕೆ ಪೇಟೆಗೆ ಬಂದಳು. ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ಊರಿಗೆ ಊರೇ ಕೊಳವೆಯ ಸಾಲಿನ ಮೇಲೆ ಅಡ್ಡಡ್ಡ ಮಲಗಿತ್ತು. “ನಮ್ಮ ಮಕ್ಕಳನ್ನ ಇನ್ನೊಮ್ಮೆ ಕೊಲ್ಲಾಕ ಬಂದೀಯೇನ?” ಎಂದು ಚೀರಿದರು. ಮೊಸಳೆಯನ್ನು ದಾಟಬಹುದು, ಇವರನ್ನು ದಾಟುವುದು ಹೇಗೆ? ಸಂಕವ್ವ ಹಾರೆ ಕೆಳಗಿಟ್ಟು ಮಣ್ಣಿನಲ್ಲಿ ಕೂತಳು. ಎರಡು ವರ್ಷ ನುಂಗಿಕೊಂಡದ್ದು ಅಲ್ಲಿ ಹೊರಗೆ ಬಂತು.

“ನನ್ನ ಮುತ್ತಿನ್ನ ನಾನಽ ಕೊಂದೆ. ಈ ಕೊಳವಿ ಸೀಳಿದ್ದು ನನಗ ಗೊತ್ತಿತ್ತು. ಅಪ್ಪನ ಹೆಸರು ಐತಿ ಅಂತ ಮೆತ್ತಿ ಮೆತ್ತಿ ಇಟ್ಟೆ. ಗಟಾರದ ನೀರು ಕುಡಿದು ಓಣಿಯಾಗಿನ ನಿಮ್ಮ ಮಂದಿನೂ ಬ್ಯಾನಿ ಬಿದ್ದರು. ನಾ ಕೊಳವಿಗಾರ್ತಿ. ಗೊತ್ತಿದ್ದು ಮಾಡೀನಿ.”

ಒಬ್ಬ ಗಂಡಸು ಅವಳ ಮುಖಕ್ಕೆ ಮಣ್ಣು ಎರಚಿದ. ಅವಳು ಒರೆಸಿಕೊಳ್ಳಲಿಲ್ಲ. ಕೊನೆಗೆ ಇಬ್ಬರು ಮೊಮ್ಮಕ್ಕಳನ್ನು ಕಳೆದುಕೊಂಡ ಒಬ್ಬ ಮುದುಕಿ ಸೊಂಟ ಹಿಡಿದುಕೊಂಡು ಎದ್ದು, “ಮೂರನೇದು ಒಂದು ಉಳದೇತಿ ನನಗ. ಒಡಿಯವ್ವ,” ಎಂದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎದ್ದರು. ಕೊಳವೆಯೊಳಗಿಂದ ಅಪ್ಪನ ದನಿ, “ತಗೀಬ್ಯಾಡ ಮಗಳೇ, ನಾ ಇಲ್ಲೇ ಅದೀನಿ,” ಎಂದಿತು. ಅವಳು ಒಡೆದಳು. ಪೇಟೆಯ ನಳಗಳೂ ಮೂಕವಾದವು. ಎದ್ದವರು ಗೋಳೋ ಎಂದು ಅತ್ತರು. ಎರಡು ವರ್ಷದ ಅಳು ಒಂದೇ ದಿನ ಬಂತು.

ಮೂರನೆಯದಕ್ಕೆ ಮನೆಗೆ ಬಂದಳು.

ಬೊಮ್ಮಯ್ಯ ನೆಲ ಅಗೆದು ಮುತ್ತಿಯ ಕೊಳವೆಯನ್ನು ತಬ್ಬಿಕೊಂಡು ಮಲಗಿದ್ದ. ಹೊಸ್ತಿಲ ಬಳಿ ಮೇಣಸಿದ್ಧ ನಿಂತಿದ್ದ. ಎರಡು ಮೇಣ ಹೋದದ್ದಕ್ಕೆ ಅವನ ತಲೆ ಬೆಳ್ಳಗಾಗಿತ್ತು, ಬೆನ್ನು ಬಾಗಿತ್ತು. ಅವನು ಮಂತ್ರ ಹಾಕಲಿಲ್ಲ, ಬೈಯಲಿಲ್ಲ. ಮೆಲ್ಲಗೆ ಹೇಳಿದ: “ಮೊದಲಿನ ಎರಡರಾಗ ಇದ್ದದ್ದು ಹುಳ, ಖರೆ. ಇದರಾಗ ಹುಳ ಇಲ್ಲ ತಂಗೀ. ಹಗ್ಗಕ್ಕ ಗೂಟ ಬೇಕಲ್ಲ, ಒಂದು ಖರೇ ಜೀವ ಇರಬೇಕಾಗ್ತದ. ನಿನ್ನ ಮಗಳನ್ನೇ ಇಟ್ಟೀನಿ. ಒಡಿ, ನೋಡೋಣ.”

ಸುಳ್ಳೋ ನಿಜವೋ, ಯಾರು ಬಲ್ಲರು? ಸಂಕವ್ವ ಬಗ್ಗಿ ಕೊಳವೆಗೆ ಕಿವಿ ಇಟ್ಟಳು. ಉಳಿದ ದನಿಗಳಂತೆ ‘ತಗೀಬ್ಯಾಡ’ ಎನ್ನಲಿಲ್ಲ ಅದು. “ಅವ್ವಾ, ನೀರಡಿಕಿ ಆಗೇತಿ,” ಎಂದಿತು. ಮುತ್ತಿಯ ಕೊನೆಯ ಮಾತು. ಸಂಕವ್ವನ ಕೈಯಿಂದ ಹಾರೆ ಜಾರಿತು. ಇದಕ್ಕಿಂತ ತಾನು ಸತ್ತಿದ್ದರೆ ಎಂದುಕೊಂಡಳು. ಒಳಗೆ ಹಾಸಿಗೆಯ ಮೇಲಿದ್ದ ಮಾದ ಆಗ ಎದ್ದು ತೆವಳಿಕೊಂಡು ಬಾಗಿಲಿಗೆ ಬಂದ. ನೀಲಿ ಉಗುರಿನ ಕೈಯಲ್ಲಿ ಚೌಕಟ್ಟು ಹಿಡಿದು, “ಅವ್ವಾ, ನೀರು,” ಎಂದ.

ಬೊಮ್ಮಯ್ಯ ತಲೆ ಎತ್ತಿ ಮಗನನ್ನು ನೋಡಿದ. ಎರಡು ವರ್ಷದಲ್ಲಿ ಅವನು ಮಗನನ್ನು ನೋಡಿದ್ದು ಅದೇ ಮೊದಲು. ನೋಡುತ್ತಾ ನೋಡುತ್ತಾ ಕೊಳವೆಯ ಮೇಲಿನ ಕೈ ತೆಗೆದ. ಎರಡೂ ಕೈಯಿಂದ ತನ್ನ ಕಿವಿ ಮುಚ್ಚಿಕೊಂಡ.

ಸಂಕವ್ವ ಒಡೆದಳು.

ಮೇಣಸಿದ್ಧ ನಿಂತಲ್ಲೇ ಕರಗಿದ. ಅಂಗಳದ ಮಣ್ಣಿನ ಮೇಲೆ ಒಂದು ಹಿಡಿ ನೀಲಿ ಮೇಣ ಉಳಿಯಿತು, ಅದನ್ನು ಒಲೆಗೆ ಹಾಕಿದರು. ಊರ ಕೊಳವೆಗಳಲ್ಲಿದ್ದ ಮೇಣವೆಲ್ಲ ಒಮ್ಮೆಲೇ ಉದುರಿತು. ಮೇಣ ಉದುರಿದ ಮೇಲೆ ನೋಡಿದರೆ ಕೊಳವೆಗಳಲ್ಲಿ ಒಂದಾದರೂ ನೆಟ್ಟಗಿರಬೇಕಲ್ಲ! ಆರು ತಿಂಗಳು ರಾಜನಿಂದ ಹಿಡಿದು ಎಲ್ಲರೂ ಹೊಂಡದಿಂದ ತಲೆಯ ಮೇಲೆ ನೀರು ಹೊತ್ತರು. ಆರು ತಿಂಗಳು ಕೊಳವೆ ಸುಡುವ ಆವಿಗೆಯ ಬೆಂಕಿ ಆರಲಿಲ್ಲ. ಹಳೆಯ ಚೂರುಗಳನ್ನು ಕುಟ್ಟಿ ಪುಡಿ ಮಾಡಿ ಹೊಸ ಜೇಡಿಗೆ ಬೆರೆಸಿದರು, ಹಾಗೆ ಮಾಡಿದರೆ ಕೊಳವೆ ಗಟ್ಟಿ ಬರುತ್ತದೆ. ರಾಜಮಾತೆ, ಸಂಕವ್ವನ ಅಪ್ಪ, ಮುತ್ತಿ ಎಲ್ಲರೂ ಒಂದೇ ಮಣ್ಣಾದರು. ಹೆಸರುಗಳನ್ನು ಹೊಂಡದ ಮೆಟ್ಟಿಲ ಕಲ್ಲಿನ ಮೇಲೆ ಕೆತ್ತಿಸಿದರು. ಕೊಳವೆ ಬಿರುಕು ಬಿಟ್ಟರೆ ತೆಗೆದು ಹೊಸದು ಹಾಕುವುದು ಅಂದಿನಿಂದ ರೂಢಿಯಾಯಿತು.

ಮಕ್ಕಳ ಉಗುರು ಕೆಂಪಾದವು. ಕೆಂಗಲ್ಲಿನವರೆಲ್ಲ ಸುಖವಾಗಿ ಬಾಳಿದರು. ಮಾದ ದೊಡ್ಡವನಾಗಿ, ಮದುವೆಯಾಗಿ, ಎತ್ತಿನಂಥ ಆಳಾದ. ಬೊಮ್ಮಯ್ಯ ಮತ್ತೆ ಮಣ್ಣು ಹೊತ್ತ.

ಸಂಕವ್ವನೂ ಬಾಳಿದಳು. ಮುದುಕಿಯಾಗುವವರೆಗೂ ದಿನಾ ಬೆಳಿಗ್ಗೆ ಮನೆಯಲ್ಲಿ ಮೊದಲು ಬಿರಡೆ ತೆಗೆಯುವವಳು ಅವಳೇ. ತೆಗೆದು, ಅರೆಗಳಿಗೆ ಉಸಿರು ಹಿಡಿದು ನಿಲ್ಲುತ್ತಿದ್ದಳು. ಅಂದು ಒಡೆದ ಕೊಳವೆಯೊಳಗಿದ್ದದ್ದು ಹುಳುವೋ ಮಗಳೋ ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ, ನನಗೂ ಗೊತ್ತಿಲ್ಲ. ನಳದಿಂದ ತಣ್ಣಗಿನ, ತಿಳಿಯಾದ, ಬರೀ ನೀರು ಬರುತ್ತಿತ್ತು. ಅವಳು ಮೊದಲ ತಂಬಿಗೆ ತುಂಬಿ, ಯಾರಿಗೂ ಕೊಡದೆ, ಮುತ್ತಿಯ ಕೊಳವೆ ಇದ್ದ ಜಾಗದಲ್ಲಿ ನೆಲಕ್ಕೆ ಸುರಿಯುತ್ತಿದ್ದಳು.