ಬೇಲಿಯ ಮೂರು ಗಿಡಗಳು

ಗುಡ್ಡಗಳು ಇನ್ನೂ ಕೂತಲ್ಲಿ ಕೂರದೆ ನಡೆದಾಡುತ್ತಿದ್ದ ಕಾಲದಲ್ಲಿ ಸಿರಿವಳ್ಳಿ ಎಂಬ ರಾಜ್ಯವಿತ್ತು. ಅರಮನೆಯ ದೊಡ್ಡ ಪಡಸಾಲೆಯಲ್ಲಿ ಆ ಇಡೀ ರಾಜ್ಯವನ್ನೇ ಪುಟ್ಟದಾಗಿ ಮಾಡಿಟ್ಟಿದ್ದರು. ಮಣ್ಣಿನ ಗುಡ್ಡ, ಕನ್ನಡಿಯ ಕೆರೆ, ಬೆರಳುದ್ದದ ಮನೆಗಳು. ಅದಕ್ಕೆ ಗೊಂಬೆನಾಡು ಎಂದು ಹೆಸರು. ಗೊಂಬೆನಾಡಿನಲ್ಲಿ ಒಂದು ಗಿಡ ನೆಟ್ಟರೆ ಹೊರಗೆ ಅದೇ ಜಾಗದಲ್ಲಿ ನಿಜವಾದ ಗಿಡ ಏಳುತ್ತಿತ್ತು. ಅದರ ಸುತ್ತಲಿನ ಮುಳ್ಳುಗಿಡಗಳ ಬೇಲಿಯೇ ರಾಜ್ಯಕ್ಕೆ ಕಾವಲು. ಆ ಬೇಲಿಯಿಂದಾಗಿ ಬೋಳುಗುಡ್ಡದ ಮಾಂತ್ರಿಕ ಧೂಮಾಂಗ ಒಳಗೆ ಕಾಲಿಡಲಾರದೆ ಗಡಿಯಾಚೆಯೇ ಸುತ್ತುತ್ತಿದ್ದ.

ಆ ಪುಟ್ಟ ಗಿಡಗಳನ್ನು ಮಾಡುವವಳು ಕೇತವ್ವ. ತಾಮ್ರದ ಎಳೆ ಹೊಸೆದು ಕಾಂಡ ಮಾಡುವಳು, ಒಣಗಿದ ಹೀರೇಕಾಯಿಯ ನಾರು ಹಿಂಜಿ ಕೊಂಬೆ ಕಟ್ಟುವಳು, ಅಂಟು ಸವರಿ ಹಸಿರು ಹಚ್ಚಿದ ಮರದ ಪುಡಿ ಉದುರಿಸುವಳು. ಇಪ್ಪತ್ತು ವರ್ಷ ಅದೇ ಕೆಲಸ. ತಾಯಿ ಸತ್ತ ಮೇಲೆ ತಂಗಿ ಮಾಚಲೆಯನ್ನು ಸಾಕಿ, ಕೆಲಸ ಕಲಿಸಿದವಳೂ ಅವಳೇ.

ಒಂದು ವಸಂತದಲ್ಲಿ ಬೇಲಿಯ ಮೂರು ಹಳೇ ಗಿಡಗಳು ಸವೆದುಹೋದವು. ಮಾಚಲೆ ಹೊಸವನ್ನು ಮಾಡಿ ನೆಟ್ಟಳು. ಅವುಗಳ ಮೇಲೆ ಜೇನುಹುಳ ಬಂದು ಕೂತವು. ರಾಜ ಬಗ್ಗಿ ನೋಡಿ, ಇಂಥ ಕೈಕೆಲಸವನ್ನು ಈ ಅರಮನೆ ಕಂಡೇ ಇರಲಿಲ್ಲ ಎಂದ. ಪಕ್ಕದಲ್ಲೇ ನಿಂತಿದ್ದ ಕೇತವ್ವನ ಕಡೆ ತಿರುಗಲೂ ಇಲ್ಲ.

ಅವತ್ತಿನಿಂದ ಕೇತವ್ವನಿಗೆ ತಂಗಿ ಗುನುಗಿದರೂ ಸಿಟ್ಟು, ಸುಮ್ಮನಿದ್ದರೂ ಸಿಟ್ಟು. ಆ ಗಿಡಗಳಲ್ಲಿ ತಪ್ಪು ಹುಡುಕಿದಳು. ಒಂದೂ ಸಿಗಲಿಲ್ಲ. ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಯಿತು.

ಒಂದು ಮಧ್ಯಾಹ್ನ ತಾಮ್ರದ ಕೊಕ್ಕಿನ ಕಾಗೆಯೊಂದು ಕಿಟಕಿಯಲ್ಲಿ ಕೂತಿತು.

"ಕಲಿಸಿದವಳು ನೀನು, ಹೊಗಳಿಕೆ ಅವಳಿಗೆ," ಎಂದಿತು ಕಾಗೆ. "ಅವಳ ಒಂದು ಗಿಡ ಕಿತ್ತುಬಿಡು. ಅವಳ ಕೆಲಸ ಗಟ್ಟಿಯಿಲ್ಲ ಅಂತ ಎಲ್ಲರಿಗೂ ಗೊತ್ತಾಗಲಿ."

ಇದು ಯಾರ ಕಾಗೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಮೊದಲ ದಿನ ಒಂದು ಗಿಡ ಕಿತ್ತಳು. ಮೂಡಣ ಗಡಿಯ ಬೇಲಿ ಬಿರಿದು ಹೊಗೆಯ ಹುಲಿ ಒಳಗೆ ಬಂತು, ದನಗಳನ್ನೆಲ್ಲ ಅಟ್ಟಿಕೊಂಡು ಹೋಯಿತು. ಎರಡನೇ ದಿನ ಇನ್ನೊಂದು ಕಿತ್ತಳು. ಹೊಗೆಯ ಹಾವು ಬಂದು ಕೆರೆಯನ್ನೇ ಕುಡಿದುಬಿಟ್ಟಿತು. ಗಿಡಗಳು ಗಾಳಿಗೆ ಬಿದ್ದವು ಎಂದು ಕೇತವ್ವ ರಾಜನಿಗೆ ಹೇಳಿದಳು. ಊರೆಲ್ಲ ಮಾಚಲೆಯನ್ನು ಬೈಯಿತು. ಅದು ಕಿವಿಗೆ ಬಿದ್ದಾಗ ಕೇತವ್ವನಿಗೆ ಹಿತವೆನಿಸಿತು.

"ಅಕ್ಕಾ, ನನ್ನ ಕೈಯಲ್ಲೇ ಏನೋ ದೋಷ ಇರಬೇಕು," ಎಂದಳು ಮಾಚಲೆ. "ಗಡಿಗೇ ಹೋಗಿ ನೋಡಿ ಬರ್ತೀನಿ."

ಮೂರನೇ ದಿನ ತಂಗಿ ಅತ್ತ ಹೋದಳು. ಇತ್ತ ಅಕ್ಕ ಮೂರನೇ ಗಿಡವನ್ನೂ ಕಿತ್ತಳು. ಆ ಸಂದಿಯಲ್ಲಿ ಧೂಮಾಂಗನೇ ಒಳಗೆ ಬಂದ. ಎದುರಿಗೆ ಸಿಕ್ಕ ಮಾಚಲೆಯನ್ನು ಕಲ್ಲು ಮಾಡಿದ.

ಸುದ್ದಿ ಬಂದಾಗ ಕೇತವ್ವ ಕೈಯಲ್ಲಿದ್ದ ಎಳೆ ಬಿಸುಟು ಎದ್ದಳು. ಓಡಿಹೋಗಿ ತಾನೇ ಮಾಡಿದ್ದ ಗಿಡಗಳನ್ನು ಬೇಲಿಗೆ ನೆಟ್ಟಳು. ಬಿದ್ದವು. ಬಚ್ಚಿಟ್ಟಿದ್ದ ತಂಗಿಯ ಗಿಡಗಳನ್ನು ತಂದು ನೆಟ್ಟಳು. ಒಂದು ಗಳಿಗೆ ನಿಂತು, ಅವೂ ಬಿದ್ದವು. ಸುಳ್ಳು ಹೇಳಿದವರ ಕೈಗೆ ಗೊಂಬೆನಾಡಿನ ಮಣ್ಣು ಒಲಿಯುವುದಿಲ್ಲ ಎಂಬ ಹಳೇ ಮಾತು ಆಗ ಅವಳಿಗೆ ನೆನಪಾಯಿತು. ಹೊರಗೆ ಅರಮನೆಯ ಬಾಗಿಲಿಗೆ ಹೊಗೆ ಮುಟ್ಟಿತ್ತು.

ಆ ಮೂರು ಗಿಡಗಳನ್ನು ಸೆರಗಿನಲ್ಲಿ ಹಿಡಿದು, ತುಂಬಿದ ಸಭೆಯಲ್ಲಿ ರಾಜನ ಮುಂದೆ ನಿಂತಳು.

"ಮಹಾಸ್ವಾಮಿ, ಇವು ಗಾಳಿಗೆ ಬೀಳಲಿಲ್ಲ, ನಾನು ಕಿತ್ತೆ. ನನ್ನವಕ್ಕಿಂತ ಚೆನ್ನಾಗಿದ್ದವು. ಅದಕ್ಕೇ ಕಿತ್ತೆ."

ಕೇತವ್ವ ತಿರುಗಿ ಹೋಗಿ, ಒಂದೊಂದಾಗಿ ಮೂರನ್ನೂ ನೆಟ್ಟಳು. ಮೂರೂ ನಿಂತವು. ಗಡಿಯಲ್ಲಿ ಆಳೆತ್ತರದ ಮುಳ್ಳು ಎದ್ದು, ಎಲ್ಲ ದಿಕ್ಕಿನಿಂದ ಒಳಕ್ಕೆ ಚಾಚಿ, ಧೂಮಾಂಗನನ್ನು ಹಿಡಿದು ಚುಚ್ಚಿತು. ಅವನ ಮೈಯಿಂದ ಹೊಗೆಯೆಲ್ಲ ಸೋರಿಹೋಗಿ, ನೆಲದ ಮೇಲೆ ಅವನ ಅಂಗಿ ಮಾತ್ರ ಉಳಿಯಿತು. ಕಾಗೆ, ಹುಲಿ, ಹಾವು ಕರಗಿದವು. ಕೆರೆ ತುಂಬಿತು, ದನಗಳು ಮರಳಿದವು, ಕಲ್ಲಾಗಿದ್ದ ಮಾಚಲೆ ಕಣ್ಣು ಬಿಟ್ಟಳು.

ಎಲ್ಲ ತಿಳಿದ ಮೇಲೆ ಮಾಚಲೆ ಒಂದು ತಿಂಗಳು ಅಕ್ಕನ ಜೊತೆ ಮಾತು ಬಿಟ್ಟಳು. ರಾಜ ಗೊಂಬೆನಾಡಿನ ಹೊಣೆಯನ್ನು ಅವಳಿಗೆ ಕೊಟ್ಟು, ಕೇತವ್ವ ಅವಳ ಕೈಕೆಳಗೆ ದುಡಿಯಲಿ ಎಂದ. ಕೇತವ್ವ ದುಡಿದಳು. ಜನ ಬಂದು ತಂಗಿಯನ್ನು ಹೊಗಳಿ ಹೋದ ದಿನ ನಾರು ಹಿಂಜುತ್ತಾ ಹೇಳುವಳು:

"ಇವತ್ತೂ ಹೊಟ್ಟೆ ಉರೀತು ಕಣೇ."

"ಹೇಳಿದೆಯಲ್ಲ, ಸಾಕು ಬಿಡಕ್ಕಾ," ಎಂದು ಮಾಚಲೆ ನಕ್ಕು ಅಂಟಿನ ಬಟ್ಟಲನ್ನು ಅವಳ ಕಡೆ ಸರಿಸುವಳು.

ಸಿರಿವಳ್ಳಿಯಲ್ಲಿ ಆಮೇಲೆ ಯಾರೂ ಬಾಗಿಲಿಗೆ ಅಗುಳಿ ಹಾಕಲಿಲ್ಲ. ಎಲ್ಲರೂ ನೆಮ್ಮದಿಯಾಗಿ ಬದುಕಿದರು, ಅಕ್ಕ ತಂಗಿಯರೂ ಬದುಕಿದರು.