ಖಾಲಿ ಕಂಡ ಉತ್ತರ

"ನಿಮ್ಮನ್ನ ಯಾರು ಕರೆದಿದ್ದು?"

ಬಾಗಿಲಲ್ಲಿ ನಿಂತ ಕಂಪ್ಯೂಟರ್ ರಿಪೇರಿಯವನನ್ನು ಕಂಡಕೂಡಲೇ ಲ್ಯಾಬಿನ ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು. ಎರಡು ವರ್ಷಗಳ ಹಿಂದೆ ಅವಳನ್ನು ಮದುವೆಯಾಗಬೇಕಿದ್ದವನು! ಇವತ್ತೇ, ಇವನೇ ಬರಬೇಕಿತ್ತೇ?

"ನಿಮ್ಮ ಮ್ಯಾನೇಜರ್ ಕರೆದಿದ್ದು. ಬೇಡಾಂದ್ರೆ ಹೋಗ್ತೀನಿ," ಎಂದ ಅವನೂ ಅಷ್ಟೇ ಬಿರುಸಾಗಿ.

ಹೋಗು ಎನ್ನುವಂತಿರಲಿಲ್ಲ. ಪಕ್ಕದ ಆಸ್ಪತ್ರೆಯಲ್ಲಿ ಒಬ್ಬ ಹೆಂಗಸಿಗೆ ಹೊಟ್ಟೆಯ ಗಡ್ಡೆಯ ಆಪರೇಷನ್. ಆಕೆಯ ಹಳೆಯ ರಿಪೋರ್ಟ್ ನೋಡದೆ ಸರ್ಜನ್ ಶುರು ಮಾಡುವಂತಿಲ್ಲ. ಆ ರಿಪೋರ್ಟ್ ಇದ್ದ ಮೇಲ್ ಬೆಳಿಗ್ಗೆಯಿಂದ ತೆರೆಯುತ್ತಲೇ ಇರಲಿಲ್ಲ.

ಅವನು ಕುರ್ಚಿ ಎಳೆದುಕೊಂಡು ಕೂತು ಸೆಟ್ಟಿಂಗ್ಸ್ ನೋಡಿದ.

"ಈ ಮೇಲ್‌ಗಳಿಗೆಲ್ಲ ಬೀಗ ಇರುತ್ತೆ. ಕೀಲಿ ನಿಮ್ಮ ಡಿಜಿಟಲ್ ಸರ್ಟಿಫಿಕೇಟ್, ಅಂದ್ರೆ ಕಂಪ್ಯೂಟರಲ್ಲಿರೋ ನಿಮ್ಮ ಗುರುತಿನ ಫೈಲ್, ಅದರ ಜೊತೆಗಿರುತ್ತೆ. ಕಂಪ್ಯೂಟರ್ ಬದಲಾಯಿಸಿದಾಗ ಹೊಸ ಸರ್ಟಿಫಿಕೇಟ್ ಹಾಕಿದ್ದಾರೆ, ಹಳೇದನ್ನ ತಂದೇ ಇಲ್ಲ. ಹಳೆ ಕಂಪ್ಯೂಟರ್ ಎಲ್ಲಿ?"

"ಸ್ಟೋರ್‌ರೂಮಲ್ಲಿ. ಯಾರೂ ಮುಟ್ಟಿಲ್ಲ."

"ಬಿಟ್ಟಿದ್ದನ್ನ ತಿರುಗಿ ನೋಡೋ ಅಭ್ಯಾಸ ಎಲ್ಲಿದೆ ನಿಮಗೆ!"

"ಬಿಟ್ಟು ಹೋದೋರೇ ಹೇಳ್ತಿದ್ದಾರೆ, ಕೇಳಿ!"

ಅವನು ಹಳೆಯ ಕಂಪ್ಯೂಟರ್ ಹೊತ್ತು ತಂದ, ಧೂಳು ಒರೆಸಿದ, ಸರ್ಟಿಫಿಕೇಟನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಹೊಸ ಕಂಪ್ಯೂಟರ್‌ಗೆ ಹಾಕಿದ.

'ಸೊರಗಿದ್ದಾನೆ... ಸೊರಗಲಿ, ನನಗೇನಂತೆ!'

ರಿಪೋರ್ಟ್ ತೆರೆಯಿತು! ಅವಳು ಸರ್ಜನ್‌ಗೆ ಫೋನಿನಲ್ಲೇ ಓದಿ ಹೇಳಿದಳು. "ಸಾಕು, ಶುರು ಮಾಡ್ತೀವಿ," ಎಂದರು ಅವರು.

"ಕೆಲಸ ಆಯ್ತಲ್ಲ, ಹೊರಡಿ."

"ಒಂದು ಥ್ಯಾಂಕ್ಸೂ ಇಲ್ವಾ ಡಾಕ್ಟ್ರೇ?"

"ಖಾಲಿ ಮೇಲ್ ಕಳಿಸಿದೋರಿಗೆ ಥ್ಯಾಂಕ್ಸ್ ಬೇರೆ ಕೇಡು!"

"ಖಾಲಿ ಮೇಲಾ?"

"ಹಾಸಿಗೆ ಹಿಡಿದ ನಿಮ್ಮಮ್ಮನ್ನ ನೋಡ್ಕೋಬೇಕು ಅಂತ ಊರು ಬಿಟ್ರಿ. ನಮ್ಮ ಮದುವೆ ಇದೆಯಾ ಇಲ್ವಾ ಅಂತ ಬರೆದು ಕೇಳಿದೆ. ಫೋನಲ್ಲಿ ನೋಡಿದ್ರೆ ಒಂದಕ್ಷರ ಇಲ್ಲದ ಉತ್ತರ! ನಾನೇನು ಅಷ್ಟು ಅಗ್ಗಾನಾ?"

ಅವನ ಮುಖ ಬಿಳಿಚಿಕೊಂಡಿತು.

"ಒಂದೂವರೆ ಪುಟ ಬರೆದಿದ್ದೆ ನಾನು! ನಿಮ್ಮ ಮೇಲ್ ಜೊತೆ ನನಗೆ ಬಂದಿದ್ದು ಈ ಹಳೆ ಸರ್ಟಿಫಿಕೇಟೇ. ನನ್ನ ಉತ್ತರಕ್ಕೂ ಅದರ ಬೀಗಾನೇ ಬಿದ್ದಿದೆ. ನಿಮ್ಮ ಫೋನಲ್ಲಿ ಅದರ ಕೀಲಿ ಇರಲಿಲ್ಲ, ಅದಕ್ಕೇ ಖಾಲಿ ಕಂಡಿದೆ... ಅಯ್ಯೋ!"

"ಒಂದು ಫೋನ್ ಮಾಡೋಕೇನಾಗಿತ್ತು?"

"ನನ್ನ ನಂಬರ್ ಬ್ಲಾಕ್ ಮಾಡಿದ್ದು ಯಾರು?"

ಅವಳು ಕಂಪ್ಯೂಟರಿನತ್ತ ತಿರುಗಿದಳು. ಆ ಮೇಲ್ ಹುಡುಕಿ ಒತ್ತಿದಳು. ಪರದೆಯ ತುಂಬ ಅವನ ಮಾತು!

'ಅಮ್ಮ ಎದ್ದು ಓಡಾಡೋ ತನಕ ಆರು ತಿಂಗಳು ಕಾಯ್ತೀಯಾ? ನೀನು ಕೆಲಸ ಬಿಡಬೇಡ, ನಾನೇ ವಾಪಸ್ ಬರ್ತೀನಿ. ಉತ್ತರ ಬರದಿದ್ರೆ ಬೇಡ ಅಂತ ತಿಳ್ಕೋತೀನಿ. ಪೀಡಿಸಲ್ಲ...'

ಅಕ್ಷರಗಳು ಮಂಜಾದವು. ಸಿಟ್ಟು ಮಾಡಿಕೊಳ್ಳಲು ಈಗ ತನ್ನನ್ನು ಬಿಟ್ಟರೆ ಬೇರೆ ಯಾರೂ ಉಳಿದಿರಲಿಲ್ಲ.

"ಅಮ್ಮ... ಹೇಗಿದ್ದಾರೆ?"

"ಓಡಾಡ್ತಾರೆ. ಹೋದ ತಿಂಗಳು ಇಬ್ಬರೂ ವಾಪಸ್ ಬಂದ್ವಿ." ಅವನ ದನಿ ಮೆತ್ತಗಾಯಿತು. "ಆರು ತಿಂಗಳು ಕಾಯಿ ಅಂತ ಕೇಳಿದ್ದೆ. ನಿನಗೆ ಅದು ಮುಟ್ಟಲೇ ಇಲ್ಲ."

"ಎರಡು ವರ್ಷ ಕಾದಿದ್ದೀನಿ ಕಣೋ!"

"ಕಾದಿದ್ಯಾ?"

"ನಿನ್ನ ಬೈಕೊಂಡು ಬೈಕೊಂಡೇ ಕಾದಿದ್ದೀನಿ."

"ಮತ್ತೆ... ಇನ್ಮೇಲೆ?"

ಅವಳು ಕಣ್ಣೊರೆಸಿಕೊಂಡು ಇನ್ನೊಂದು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

"ದಿನಾ ಬೈತೀನಿ. ಪಕ್ಕದಲ್ಲೇ ಕೂತ್ಕೊಂಡು."