ನಾಳೆಗೆ ಎಷ್ಟು ಬ್ರೆಡ್?

"ಓವನ್‌ಗೆ ಹೆಚ್ಚೂಕಡಿಮೆ ಅಂದ್ರೆ ಅರ್ಥ ಆಗಲ್ಲ ಮೇಡಂ. ನಾಳೆಗೆ ಎಷ್ಟು ಬ್ರೆಡ್? ಒಂದೇ ನಂಬರ್ ಹೇಳಿ."

ಬ್ರೆಡ್ ಕಾರ್ಖಾನೆಗೆ ಹೊಸದಾಗಿ ಬಂದಿದ್ದ ಅರ್ಥಶಾಸ್ತ್ರಜ್ಞೆ ತಲೆಯೆತ್ತಿದಳು. ಬಾಗಿಲಲ್ಲಿ ಓವನ್ ಸೂಪರ್‌ವೈಸರ್. ಹುಬ್ಬಿನ ತುಂಬ ಮೈದಾ ಹಿಟ್ಟು. ಸಿಟ್ಟಾದರೂ ನೋಡಿದವರಿಗೆ ನಗು ಬರಿಸುವ ಮುಖ.

"ಒಂಬತ್ತು ಸಾವಿರದಿಂದ ಹನ್ನೊಂದು ಸಾವಿರ. ಅದಕ್ಕಿಂತ ನಿಖರವಾಗಿ ಹೇಳಿದ್ರೆ ಸುಳ್ಳಾಗುತ್ತೆ."

"ಇಷ್ಟು ಹೇಳೋಕೆ ಅಷ್ಟೊಂದು ಓದಬೇಕಿತ್ತಾ?" ಗೊಣಗುತ್ತಲೇ ಹೋಗಿ ಹತ್ತು ಸಾವಿರ ಬೇಯಿಸಿದ.

ಮಾರಾಟ ಮುಗಿದ ಮರುದಿನ ಬೆಳಿಗ್ಗೆ ಅವಳೇ ನೋಟ್‌ಬುಕ್ ಹಿಡಿದು ಓವನ್ ಹತ್ತಿರ ಬಂದಳು.

"ಎಷ್ಟು ಉಳೀತು?"

"ನಾನೂರು. ಯಾಕೆ, ಬೈಯೋಕೆ ಬಂದ್ರಾ?"

"ಬರ್ಕೊಳ್ಳೋಕೆ."

ಅವನಿಗೆ ಕುತೂಹಲ ತಡೆಯಲಿಲ್ಲ. "ತಮ್ಮ ತಪ್ಪನ್ನ ಯಾರಾದ್ರೂ ಬರೆದಿಡ್ತಾರಾ?"

"ಅರ್ಥಶಾಸ್ತ್ರಕ್ಕೆ ಸೇರೋ ಮುಂಚೆ ಎರಡು ವರ್ಷ ಸಂಖ್ಯಾಶಾಸ್ತ್ರ ಕಲಿತೆ. ಬಸ್ಸಿಗೆ ಎಷ್ಟು ಜನ ಹತ್ತುತ್ತಾರೆ ಅಂತ ಮೇಷ್ಟ್ರು ದಿನಾ ಊಹೆ ಮಾಡಿಸೋರು. ಸರಿಹೋದ್ರೆ ಮಾತಿಲ್ಲ. ತಪ್ಪಿದ್ರೆ ಮಾತ್ರ, ಎಷ್ಟು ತಪ್ಪಿತು, ಯಾಕೆ ತಪ್ಪಿತು ಅಂತ ಕೂರಿಸ್ಕೊಳ್ಳೋರು. ಈಗ ಯಾರಾದ್ರೂ ಮುಂದಿನ ವರ್ಷದ ಬೆಲೆನ ಗ್ಯಾರಂಟಿ ಕೊಟ್ಟು ಹೇಳಿದ್ರೆ ನನಗೆ ನಾಚಿಕೆ ಆಗುತ್ತೆ."

ಅಂದಿನಿಂದ ಪ್ರತಿ ಬೆಳಿಗ್ಗೆ ಇಬ್ಬರ ಊಹೆ, ಇಬ್ಬರ ತಪ್ಪು. ಒಂದು ದಿನ ಅವನದೇ ಹತ್ತಿರ ಬಂತು.

"ಹೇಗೆ ಗೊತ್ತಾಯ್ತು?" ಅವಳು ಕಣ್ಣರಳಿಸಿದಳು. ಅವನು ಕತ್ತಿನವರೆಗೂ ಕೆಂಪಾದ.

"ಅಕ್ಕನ ಮಕ್ಕಳಿಗೆ ಸ್ಕೂಲ್ ರಜೆ. ಡಬ್ಬಿಗೆ ಬ್ರೆಡ್ ಬೇಡ ಅಂದ್ಲು."

ಅವಳು ಬಿದ್ದು ಬಿದ್ದು ನಕ್ಕಳು. ಆ ನಗುವನ್ನು ಮತ್ತೊಮ್ಮೆ ಕೇಳಲೆಂದೇ ಅವನು ದಿನವೂ ಬೇಗ ಬರತೊಡಗಿದ.

ಮೂರು ತಿಂಗಳ ಮೇಲೆ, ಟೀ ಹೊತ್ತಿನಲ್ಲಿ, ಅವನು ಲೋಟ ಕೆಳಗಿಟ್ಟ. "ಒಂದು ಮಾತು ಕೇಳ್ಬೇಕು."

ಅವಳಿಗೆ ಹಳೆಯದೊಂದು ನೆನಪಾಯಿತು. ಹೋದ ವರ್ಷ ನೋಡಲು ಬಂದಿದ್ದ ಗಂಡು, "ನನ್ನ ಜೊತೆ ಸುಖವಾಗಿರ್ತೀರಾ?" ಎಂದು ಕೇಳಿದ್ದ. ಇವಳು ಯೋಚಿಸಿ "ಬಹುಶಃ" ಎಂದಿದ್ದಳು. ಅವನು ಕಾಫಿ ಮುಗಿಸದೆ ಎದ್ದು ಹೋಗಿದ್ದ. ಅಮ್ಮ ಒಂದು ವಾರ ಮಾತು ಬಿಟ್ಟಿದ್ದರು. ಇವನೂ ಅದನ್ನೇ ಕೇಳಿದರೆ? ಸುಳ್ಳು ಹೇಳಲು ಬಾರದು. ಇವನನ್ನು ಕಳೆದುಕೊಳ್ಳಲೂ ಮನಸ್ಸಿಲ್ಲ.

"ನಮ್ಮ ಬಾಳು ಹೇಗಿರುತ್ತೆ ಅಂತ ಕೇಳಲ್ಲ," ಎಂದ ಅವನು. "ಅದು ನನಗೂ ಗೊತ್ತಿಲ್ಲ. ನನ್ನನ್ನ ಮದುವೆ ಆಗ್ತೀರಾ, ಅಷ್ಟೇ."

ಅವಳು ಅವನನ್ನೇ ನೋಡಿದಳು.

"ನಮ್ಮ ಕೈಲಿ ಇಲ್ಲದ್ದನ್ನ ತಾನೇ ಊಹೆ ಮಾಡೋದು? ಇದು ನನ್ನ ಕೈಲೇ ಇದೆ," ಎಂದಳು. "ಆಗ್ತೀನಿ."

ಒಳಗಿನಿಂದ ಯಾರೋ ಅವನನ್ನು ಕೂಗಿದರು. ಇಬ್ಬರೂ ಏಳಲಿಲ್ಲ.